ಕೆನಡಾದವ್ರಿಗೆ ಯಾಕಿಷ್ಟು ಹಾಕಿ ಹುಚ್ಚು?

ಮಾಂಟ್ರಿಯಲ್‌ಗೆ ಹೊಸದಾಗಿ ಬಂದಿದೀನಿ, ಆಫೀಸಲ್ಲಿ ಸೋಮವಾರ ಬಂತಂದ್ರೆ ಬರೀ ಐಸ್ ಹಾಕಿ ಮಾತು, ಇದೇನು ಇವರ ರಕ್ತದಲ್ಲೇ ಬಂದಿದ್ಯಾ, ನಾನೂ ಕಲೀಬೇಕಾ ಅಂತ ಕೇಳಿದೀರಲ್ಲ. ರಕ್ತಾನೂ ಇಲ್ಲ ಏನೂ ಇಲ್ಲ ಬಿಡಿ, ನನ್ನ ಕೇಳಿದ್ರೆ ಇದು ಮುಕ್ಕಾಲು ಪಾಲು ಪೇಪರ್‌ನವ್ರು ಹಚ್ಚಿದ ಹುಚ್ಚು.

ಅದೂ ನೀವಿರೋ ಊರಲ್ಲೇ. 1875ರ ಮಾರ್ಚ್ 3ಕ್ಕೆ ವಿಕ್ಟೋರಿಯಾ ಸ್ಕೇಟಿಂಗ್ ರಿಂಕಲ್ಲಿ (ಅಂದ್ರೆ ಐಸ್ ಅಂಗಳ) ಮ್ಯಾಚ್ ಇದೆ ಅಂತ ಮಾಂಟ್ರಿಯಲ್ ಗೆಜೆಟ್ ಸುದ್ದಿ ಹಾಕ್ತು, ಒಂದೊಂದು ಕಡೆ ಒಂಬತ್ತು ಜನ, ಚೆಂಡಿನ ಬದ್ಲು ಮರದ ಚಪ್ಪಟೆ ಬಿಲ್ಲೆ, ಹಂಗಾಗಿ ನೋಡೋಕೆ ಬಂದವ್ರಿಗೆ ಪೆಟ್ಟು ಬೀಳಲ್ಲ ಅಂತ ಭರವಸೆ ಬೇರೆ. ಆಟ ಚೆನ್ನಾಗೇ ಆಯ್ತು, ಮುಗೀತಿದ್ದಂಗೆ ರಿಂಕ್ ಯಾರಿಗೆ ಅಂತ ಜಗಳ ಹತ್ಕೊಳ್ತು. ಮಾರನೇ ದಿನದ ಗೆಜೆಟ್ ನೋಡಿದ್ರೆ ಜನ ನಕ್ಕು ನಲಿದು ತೃಪ್ತಿಯಿಂದ ಮನೆಗೆ ಹೋದ್ರಂತೆ! ಕಿಂಗ್‌ಸ್ಟನ್ನಿನ ಪೇಪರ್ ಮಾತ್ರ ತಲೆ ಕಾಲಿಗೆ ಪೆಟ್ಟು ಬಿತ್ತು, ಬೆಂಚು ಮುರಿದ್ವು, ಹೆಂಗಸರು ಗಾಬರಿಬಿದ್ದು ಓಡಿದ್ರು ಅಂತ ಬರೀತು. ಅಲ್ಲಿಂದ ಶುರು ನೋಡಿ, ಒಂದು ಪೇಪರಿಗೆ ಮರ್ಯಾದಸ್ಥರ ಆಟ, ಇನ್ನೊಂದಕ್ಕೆ ಹೊಡೆದಾಟ, ನಿಮ್ಮ ಆಫೀಸಲ್ಲಿ ಈಗ್ಲೂ ಒಬ್ರು ಪಾಸ್ ಎಂಥಾ ಚೆಂದ ಅಂತಿದ್ರೆ ಪಕ್ಕದವ್ರು ನಿನ್ನೆಯ ಗುದ್ದಾಟದ ವಿಡಿಯೋ ತೋರಿಸ್ತಿರ್ತಾರೆ.

ಪೇಪರ್‌ನವ್ರು ಹೊರಗೆ ನಿಂತು ಬರೆದವ್ರೂ ಅಲ್ಲ. ಇಲ್ಲಿನ ಹಾಕಿಯ ದೊಡ್ಡ ಟ್ರೋಫಿ ಸ್ಟಾನ್ಲಿ ಕಪ್‌ನ ಮೊದಲ ಇಬ್ಬರು ಟ್ರಸ್ಟಿಗಳಲ್ಲಿ ಒಬ್ರು ಪಿ.ಡಿ. ರಾಸ್ ಅಂತ, ಆಟಾನೂ ಆಡಿದವ್ರು, ಒಟ್ಟಾವಾ ಜರ್ನಲ್ ಪೇಪರೂ ಅವ್ರದ್ದೇ. 1896ರಲ್ಲಿ ವಿನ್ನಿಪೆಗ್ ಟೀಮು ಮಾಂಟ್ರಿಯಲ್‌ಗೇ ಬಂದು ಕಪ್ ಹೊಡ್ಕೊಂಡು ಹೋಯ್ತು, ಎರಡು ಸಾವಿರ ಕಿಲೋಮೀಟರ್ ಆಚೆ ವಿನ್ನಿಪೆಗ್ ಹೋಟೆಲ್‌ಗಳಲ್ಲಿ ಜನ ಗುಂಪುಗಟ್ಕೊಂಡು ತಂತಿ ಸುದ್ದಿ ಕೇಳ್ತಾ ನಿಂತಿದ್ರು. ಒಬ್ಬರ ಮುಖ ಒಬ್ಬರು ನೋಡದ ಊರುಗಳು ಒಂದೇ ರಾತ್ರಿ ಒಂದೇ ಸುದ್ದಿಗೆ ಕಾಯೋದು ಅಂದ್ರೆ ಸಣ್ಣ ವಿಷ್ಯ ಅಲ್ಲ, ಹಾಕಿ ಅಂದ್ರೆ ದೇಶ ಅನ್ನೋ ಭಾವನೆ ಬೆಳೆದಿದ್ದು ಇಂಥದ್ರಿಂದ್ಲೇ. 1905ರಲ್ಲಿ ದೇಶದ ವಾಯವ್ಯ ಮೂಲೆಯ ಯೂಕಾನ್‌ನಿಂದ ಡಾಸನ್ ಸಿಟಿ ಟೀಮು ವಾರಗಟ್ಟಲೆ ಪ್ರಯಾಣ ಮಾಡಿ ಒಟ್ಟಾವಾಗೆ ಬಂದು 9-2, ಆಮೇಲೆ 23-2ರಲ್ಲಿ ಸೋತು ಸುಣ್ಣ ಆಯ್ತು, ಆದ್ರೂ ಇವತ್ತಿಗೂ ಅದನ್ನ ವೀರಗಾಥೆ ಥರಾನೇ ಹೇಳ್ತಾರೆ.

ಅದೇ ಕಾಲದಲ್ಲಿ, 1895ರಲ್ಲೇ, ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಕಡೆ ಕಪ್ಪು ಜನ ತಮ್ಮದೇ ಲೀಗ್ ಕಟ್ಕೊಂಡು ಆಡ್ತಿದ್ರು, ಅವ್ರ ಬಗ್ಗೆ ಬರೆದಾಗ್ಲೂ ಎಷ್ಟೋ ಸಲ ಗೇಲಿನೇ. ಹಾಗಾಗಿ ಯಾರಾದ್ರೂ ಇದು ನಮ್ಮ ಆಟ ನಿಮಗೆ ಗೊತ್ತಾಗಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಆ 'ನಾವು' ಯಾರು ಅಂತ ಆಗ್ಲೇ ಯಾರೋ ಕೂತು ಆರಿಸಿದ್ದು.

ಕಲೀಬೇಕಾ ಅಂದ್ರೆ, ಸ್ಕೇಟಿಂಗ್ ಬರದಿದ್ರೂ ನಡಿಯತ್ತೆ. ಸೋಮವಾರ ಆಫೀಸಿಗೆ ಹೋಗೋ ಮುಂಚೆ ನಿಮ್ಮೂರಿನ ಟೀಮು ಕೆನೇಡಿಯನ್ಸ್ ಗೆದ್ರಾ ಸೋತ್ರಾ ಅಷ್ಟು ನೋಡ್ಕೊಳ್ಳಿ, ಉಳಿದಿದ್ದು ಅವ್ರೇ ಅರ್ಧ ಗಂಟೆ ಹೇಳ್ತಾರೆ. ಎದುರಾಳಿ ಊರು ಟೊರೊಂಟೊ ಕಡೆಯವ್ರು ಪಕ್ಕದಲ್ಲಿದ್ರೆ ಮಾತ್ರ ಸ್ವಲ್ಪ ಹುಷಾರು.