ಅಮೆರಿಕದಲ್ಲಿ ಲಂಬರ್ ದರ ಇಳಿದರೆ ಮೈಸೂರಿನಲ್ಲಿ ಪೈನ್ ಅಗ್ಗವಾಗುತ್ತದೆಯೇ?

ಮಂಡ್ಯದಲ್ಲಿ ಮನೆ ಕಟ್ಟುತ್ತಿದ್ದೀರಿ, ಷಿಕಾಗೋದ ಲಂಬರ್ ಫ್ಯೂಚರ್ಸ್ (ಕೊಯ್ದ ಮರದ ಮುಂಗಡ ವಹಿವಾಟಿನ ದರ) ಇಳಿಯುತ್ತಿದೆ, ವಾರ್ಡ್‌ರೋಬಿಗೆ ಪೈನ್ ಕೊಳ್ಳಲು ಇನ್ನೂ ಕಾಯಲೇ ಎಂದಿದ್ದೀರಿ. ಮರದ ವ್ಯಾಪಾರಕ್ಕೆ ಬಂದ ಹೊಸತರಲ್ಲಿ ನಾನೂ ಕೇಳುತ್ತಿದ್ದ ಪ್ರಶ್ನೆ ಇದು. ಕಾಯಬೇಡಿ. ನೀವು ನೋಡುತ್ತಿರುವ ದರವೇ ಬೇರೆ ಮರದ್ದು.

ಅದು ಅಮೆರಿಕದ ಮನೆಗಳ ಚೌಕಟ್ಟಿಗೆ ಹೋಗುವ ಟೂ-ಬೈ-ಫೋರ್, ಅಂದರೆ ಎರಡು-ನಾಲ್ಕು ಇಂಚಿನ ರೀಪಿನ ದರ. ಅಲ್ಲಿ ಗೃಹಸಾಲದ ಬಡ್ಡಿ ಏರಿದರೆ ಹೊಸ ಮನೆ ಕಡಿಮೆಯಾಗಿ ಬೇಡಿಕೆ ಬೀಳುತ್ತದೆ. ಮರ ಬಹುಪಾಲು ಅವರದೇ, ಉಳಿದದ್ದು ಮುಖ್ಯವಾಗಿ ಕೆನಡಾದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪೈನ್ ಕಾಡುಗಳನ್ನು ತೊಗಟೆ ದುಂಬಿ ಹಾಳುಮಾಡಿದ ಮೇಲೆ ಅಲ್ಲಿ ಮಿಲ್ಲುಗಳು ಮುಚ್ಚುತ್ತಾ ಬಂದಿವೆ. ಕೆನಡಾದ ಮರಕ್ಕೆ ಅಮೆರಿಕ ಹಾಕುವ ಸುಂಕ 2024ರ ಕೊನೆಯಲ್ಲಿ ಶೇ. 14ರಷ್ಟಿತ್ತು, 2025ರ ಆಗಸ್ಟಿನಲ್ಲಿ ಶೇ. 35ರಷ್ಟಾಯಿತು. ಆ ದರಕ್ಕೆ ಏರಿಳಿತ ಹೊಸದೇನಲ್ಲ: 2021ರ ಮೇನಲ್ಲಿ ಸಾವಿರ ಬೋರ್ಡ್ ಫುಟ್‌ಗೆ (ಒಂದು ಬೋರ್ಡ್ ಫುಟ್ ಎಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಮರ) 1,600 ಡಾಲರ್ ದಾಟಿ, ಆಗಸ್ಟಿಗೆ ಅದರ ಮೂರನೇ ಒಂದು ಭಾಗದ ಆಸುಪಾಸಿಗೆ ಬಿತ್ತು.

ಹೊರದೇಶದಿಂದ ಬರುವ ಪೈನ್‌ಗೆ ನಮ್ಮ ಡಿಪೋ ದರ ನಿಲ್ಲುವುದು ಡಾಲರ್, ಹಡಗಿನ ಬಾಡಿಗೆ, ಬಂದರಿನಿಂದ ಲಾರಿ ಖರ್ಚು, ಇವುಗಳ ಮೇಲೆ. ನ್ಯೂಜಿಲೆಂಡ್ ಕಡೆಯ ರೇಡಿಯೇಟಾ ಪೈನ್ ಆದರೆ ಚೀನಾದ ಬೇಡಿಕೆಯನ್ನೂ ನೋಡಬೇಕು. ನ್ಯೂಜಿಲೆಂಡ್ ದಿಮ್ಮಿಗಳ ಅತಿದೊಡ್ಡ ಗಿರಾಕಿ ಚೀನಾದವರೇ. ಮೇಲಾಗಿ ಇವತ್ತು ಡಿಪೋದಲ್ಲಿ ನಿಂತಿರುವ ಮಾಲು ತಿಂಗಳುಗಳ ಹಿಂದಿನ ದರಕ್ಕೆ ಬುಕ್ ಆದದ್ದು.

ದುಡ್ಡು ನಿಜವಾಗಿ ಸೋರುವುದು ಅಳತೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಸಿಎಫ್‌ಟಿ (ಘನ ಅಡಿ) ದರ ಮಾತ್ರ ಕೇಳಿ ಅಂಗಡಿ ಅಂಗಡಿ ಹೋಲಿಸುವವರೆಲ್ಲ ಸಿಕ್ಕಿಬೀಳುವುದು ಇಲ್ಲೇ. 2x4 ಎಂದು ಬಿಲ್ ಆಗುವ, ಪ್ಲೇನಿಂಗ್ ಆದ ರೀಪನ್ನು ಟೇಪ್ ಹಿಡಿದು ಅಳೆಯಿರಿ: ಒಂದೂವರೆ, ಮೂರೂವರೆ ಇಂಚು ಮಾತ್ರ ಇರಬಹುದು. ಹತ್ತು ಅಡಿ ಉದ್ದಕ್ಕೆ ಹೆಸರಿನ ಅಳತೆಯಲ್ಲಿ 0.556 ಸಿಎಫ್‌ಟಿ, ಕೈಗೆ ಬರುವುದು 0.365. ಸಿಎಫ್‌ಟಿಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ರೀಪಿಗೆ 500 ಕೊಡುತ್ತೀರಿ, ಅಂದರೆ ನಿಜವಾದ ಮರಕ್ಕೆ ಸಿಎಫ್‌ಟಿಗೆ ಸುಮಾರು 1,370 ಬಿತ್ತು. ಪಕ್ಕದ ಅಂಗಡಿಯವರು ಇದ್ದ ಅಳತೆಗೇ 1,200 ಹೇಳಿದರೆ ಅದೇ ಅಗ್ಗ. ಬಿಲ್ಲಿನಲ್ಲಿ ದಪ್ಪ, ಅಗಲ, ಉದ್ದವನ್ನು ಇದ್ದಂತೆಯೇ ಬರೆಸಿ, ಆಮೇಲೆ ಗುಣಿಸಿ.

ಅಳತೆಯ ನಂತರ ತೇವ. ಎಚ್‌ಟಿ (ಹೀಟ್ ಟ್ರೀಟೆಡ್, ಶಾಖ ಕೊಟ್ಟದ್ದು) ಮುದ್ರೆ ಕಂಡು ಒಣಮರ ಎಂದುಕೊಳ್ಳಬೇಡಿ. ಅದರರ್ಥ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ, ಹುಳ ಸತ್ತಿದೆ ಎಂದಷ್ಟೇ. ತುದಿ ಬೇಗ ಒಣಗುವುದರಿಂದ ಅಲ್ಲಿಂದ ಒಂದು ಅಡಿ ಒಳಗೆ ಒಂದು ಚೂರು ಕತ್ತರಿಸಿ ತೂಗಿ. ಓವನ್‌ನಲ್ಲಿ 103 ಡಿಗ್ರಿಯ ಹತ್ತಿರ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೂಗಿ. 118 ಗ್ರಾಂ ಇದ್ದದ್ದು 100ಕ್ಕೆ ನಿಂತರೆ, ಒಣ ತೂಕದ ಲೆಕ್ಕದಲ್ಲಿ ತೇವ ಶೇ. 18. ವಾರ್ಡ್‌ರೋಬಿಗೆ ಶೇ. 12ರ ಸುತ್ತಮುತ್ತ ಇರಬೇಕು. ಶೇ. 20ರಲ್ಲಿ ಕೂರಿಸಿದ ಆರಿಂಚಿನ ಹಲಗೆ ಶೇ. 10ಕ್ಕೆ ಒಣಗುವಷ್ಟರಲ್ಲಿ ಮೂರು ನಾಲ್ಕು ಮಿಲಿಮೀಟರ್ ಕುಗ್ಗಿ, ಸಂದು ಬಾಯಿ ಬಿಡುತ್ತದೆ.

ಕೊಡಗಿನ ಸಿಲ್ವರ್ ಓಕನ್ನೂ ಒಮ್ಮೆ ವಿಚಾರಿಸಿ, ಒಳಗಿನ ಚೌಕಟ್ಟಿಗೆ ಸಾಕು. ಅದರ ದರಕ್ಕೂ ಷಿಕಾಗೋಗೂ ಸಂಬಂಧವೇ ಇಲ್ಲ, ಅದು ನಿಲ್ಲುವುದು ಮಳೆ ಮತ್ತು ಮೆಣಸಿನ ಮೇಲೆ. ಮಳೆಗಾಲದಲ್ಲಿ ತೋಟದೊಳಗೆ ಲಾರಿ ಇಳಿಯುವುದು ಕಷ್ಟ. ಮೆಣಸಿನ ಬಳ್ಳಿ ಹಬ್ಬಿದ ಮರವನ್ನು, ಮೆಣಸಿಗೆ ಒಳ್ಳೆಯ ಬೆಲೆ ಇದ್ದಾಗ ಬೆಳೆಗಾರರು ಕಡಿಯಲು ಒಪ್ಪುವುದಿಲ್ಲ. ಬಾಗಿಲ ಚೌಕಟ್ಟಿಗೆ ಮಾತ್ರ ಪೈನ್, ಸಿಲ್ವರ್ ಓಕ್ ಎರಡೂ ಬೇಡ, ಗೆದ್ದಲು ಬಿಡುವುದಿಲ್ಲ.