ಪೈಪ್ ಆರ್ಗನ್ ಊರು ಬದಲಿಸುವಾಗ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಚರ್ಚೊಂದರ ಸಣ್ಣ ಪೈಪ್ ಆರ್ಗನ್ ನಮ್ಮ ಸಭೆಗೆ ದಾನವಾಗಿ ಸಿಗುವ ಸಂಭವವಿದೆ. ಬಿಚ್ಚಿ ತಂದು ಜೋಡಿಸಿದರೆ ಅದು ಮೊದಲಿನಂತೆಯೇ ನುಡಿದೀತೇ? ನಮ್ಮ ಸೀಮೆಯಲ್ಲಿ ಹಿಂದೆ ಇಂಥ ವಾದ್ಯ ಇತ್ತೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇತ್ತು, ಅದೂ ಅರಮನೆಯಲ್ಲಿ. ಶ್ರೀರಂಗಪಟ್ಟಣದ ಅರಮನೆಯಲ್ಲಿದ್ದ, ಸೈನಿಕನೊಬ್ಬನ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿಯ ಒಡಲಲ್ಲಿ 18 ಸ್ವರಗಳ ಪುಟ್ಟ ಪೈಪ್ ಆರ್ಗನ್ ಅಡಗಿದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ದಂತದ ಗುಂಡಿಗಳ ಸಾಲು ಕಾಣುತ್ತದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಲಂಡನ್ನಿಗೆ ಸಾಗಿದ ಅದನ್ನು 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು, ಮತ್ತು ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಚಾವಣಿ ಕುಸಿದು ನೂರಾರು ಚೂರಾದ ಮರದ ಒಡಲನ್ನು ಮತ್ತೆ ಜೋಡಿಸಲಾಯಿತು. ಆದರೆ ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಿಂದ ನಡೆದ ರಿಪೇರಿಗಳಲ್ಲಿ ಆರ್ಗನ್ನಿನ ಮೂಲ ರಚನೆ ಬಹಳಷ್ಟು ಬದಲಾಗಿಹೋಗಿತ್ತು. ಒಡೆದ ಮರ ಕೂಡಿಕೊಂಡಿತು, ಮೂಲ ನಾದ ಹೇಗಿತ್ತೆಂಬುದು ಮಾತ್ರ ಕೈತಪ್ಪಿತು. ನಿಮ್ಮ ವಾದ್ಯದ ವಿಷಯದಲ್ಲಿ ನನಗಿರುವ ಮುಖ್ಯ ಆತಂಕವೂ ಇದೇ.

ಆದ್ದರಿಂದ ಒಂದು ಮೊಳೆ ಕೀಳುವ ಮೊದಲೂ ಅಲ್ಲಿಯೇ ಪ್ರತಿ ಸ್ವರದ ಶ್ರುತಿಯನ್ನೂ ತಿದಿಯ ಗಾಳಿಯ ಒತ್ತಡವನ್ನೂ ಅಳೆದು ಬರೆದಿಡಿಸಿ, ಒಂದೊಂದು ಸ್ಟಾಪಿನ, ಅಂದರೆ ಒಂದೇ ಬಗೆಯ ದನಿಯ ಪೈಪುಗಳ ಸಾಲಿನ, ದನಿಯನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿಕೊಳ್ಳಿ. ತವರ ಮತ್ತು ಸೀಸ ಬೆರೆತ ಲೋಹದ ಪೈಪುಗಳು ಬಹಳ ಮೆದು. ಹೆಬ್ಬೆರಳಿನಿಂದ ಒತ್ತಿದರೂ ತಗ್ಗು ಬೀಳಬಹುದು. ಪೈಪಿನ ಬುಡದ ಬಳಿ ಗಾಳಿ ಸೀಳಿಹೋಗುವ ಅಡ್ಡ ಬಾಯಿಯೇ ಅದರ ಕಂಠ, ಅಲ್ಲಿ ತುಟಿ ಕೂದಲೆಳೆಯಷ್ಟು ಸರಿದರೂ ನಾದದ ಗುಣವೇ ಬದಲಾಗುತ್ತದೆ. ಒಂದೊಂದು ಪೈಪನ್ನೂ ಕಾಗದದಲ್ಲಿ ಸುತ್ತಿ, ಒಂದರ ಭಾರ ಇನ್ನೊಂದರ ಮೇಲೆ ಬೀಳದಂತೆ ಮಲಗಿಸಿ ತರಬೇಕು.

ಹೀಗೆಲ್ಲ ಜೋಪಾನ ಮಾಡಿದರೂ ಅದು ಇಲ್ಲಿ ಹಾಗೆಯೇ ನುಡಿಯುವುದಿಲ್ಲ. ಶಾಖ ಏರಿದಂತೆ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚಿ, ಕೊಳಲಿನಂತೆ ನುಡಿಯುವ ಪೈಪುಗಳ ಶ್ರುತಿಯೂ ಏರುತ್ತದೆ: 15 ಡಿಗ್ರಿಯಲ್ಲಿ ಶ್ರುತಿ ಮಾಡಿದ ವಾದ್ಯ ನಮ್ಮ ಏಪ್ರಿಲ್ ತಿಂಗಳ 30 ಡಿಗ್ರಿಯಲ್ಲಿ ಅರ್ಧ ಸ್ವರಸ್ಥಾನಕ್ಕಿಂತ ತುಸುವೇ ಕಡಿಮೆ ಮೇಲಕ್ಕೆ ಹೋಗುತ್ತದೆ. ರೀಡು, ಅಂದರೆ ಗಾಳಿಗೆ ಕಂಪಿಸುವ ತೆಳು ಪಟ್ಟಿ, ಇರುವ ಪೈಪುಗಳು ಅಷ್ಟು ಏರುವುದಿಲ್ಲವಾದ್ದರಿಂದ ಎರಡನ್ನೂ ಕೂಡಿಸಿ ನುಡಿಸಿದಾಗ ಅಪಸ್ವರ ಕೇಳುತ್ತದೆ. ಹೀಗಾಗಿ ನಿಮ್ಮ ಚರ್ಚಿನೊಳಗೇ, ಅದರ ಗೋಡೆ ಮತ್ತು ಚಾವಣಿಯ ಪ್ರತಿಧ್ವನಿಗೆ ಕಿವಿಗೊಟ್ಟು, ಹೊಸದಾಗಿ ಶ್ರುತಿಗೂಡಿಸುವ ಕೆಲಸ ಅನಿವಾರ್ಯ. ಮೇಲ್ತುದಿ ತೆರೆದ ಎಂಟಡಿ ಸ್ಟಾಪಿನ ಅತಿ ಮಂದ್ರದ ಪೈಪು ಸುಮಾರು 2.4 ಮೀಟರ್ ಎತ್ತರವಿರುತ್ತದೆ, ಜಾಗವನ್ನು ಈಗಲೇ ಅಳೆದು ನೋಡಿ.

ಮಳೆಗಾಲದ ತೇವಕ್ಕೆ ಮರ ಉಬ್ಬಿದರೆ ಬೆರಳೆತ್ತಿದ ಮೇಲೂ ಒಂದು ಸ್ವರ ನಿಲ್ಲದೆ ಕೂಗುತ್ತಿರಬಹುದು. ಅದು ದೊಡ್ಡ ತೊಂದರೆಯಲ್ಲ. ಗೆದ್ದಲು ಮಾತ್ರ ದೊಡ್ಡ ತೊಂದರೆಯೇ, ಪೈಪುಗಳು ನಿಲ್ಲುವ ಗಾಳಿಪೆಟ್ಟಿಗೆಯನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸಿ ಇಡಲೇಬೇಡಿ. ದಾನ ಸ್ವೀಕರಿಸುವ ಮೊದಲು, ತಿದಿಯ ಚರ್ಮ ಬದಲಿಸಲು ಮತ್ತು ವರ್ಷವರ್ಷವೂ ಶ್ರುತಿ ನೋಡಲು ಬರುವವರು ಯಾರು, ಅವರ ಖರ್ಚು ಸಭೆಯ ಯಾವ ನಿಧಿಯಿಂದ ಎಂಬುದನ್ನು ಬರಹದಲ್ಲಿ ತೀರ್ಮಾನಿಸಿಕೊಳ್ಳಿ.