ಹುಬ್ಬಳ್ಳಿಯ ಅಪಘಾತಕ್ಕೆ ಗದಗಿನಲ್ಲಿ ಪರಿಹಾರ ಕೇಳಬಹುದೇ?

ಚೆನ್ನಮ್ಮ ವೃತ್ತದ ಬಳಿ ರಸ್ತೆ ದಾಟುವಾಗ ಬೈಕ್ ಬಡಿದು ನಿಮ್ಮ ತಾಯಿಯವರ ಕಾಲು ಮುರಿದಿದೆ, ಸವಾರ ಸ್ವಲ್ಪ ಹಣ ಕೊಟ್ಟು ಕೇಸು ಬೇಡವೆನ್ನುತ್ತಿದ್ದಾನೆ, ಪರಿಹಾರಕ್ಕಾಗಿ ಗದಗಿನಿಂದ ಹುಬ್ಬಳ್ಳಿಗೆ ಅಲೆಯಬೇಕೇ ಎಂದು ಕೇಳಿದ್ದೀರಿ. ಅಲೆಯಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ, ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಬಹುದು.

ಆದರೆ ಪೊಲೀಸ್ ದೂರನ್ನು ತಡಮಾಡದೆ ಕೊಡಿರಿ. ಎಫ್‌ಐಆರ್, ಸ್ಥಳ ಪಂಚನಾಮೆ ಮತ್ತು ಗಾಯದ ಪ್ರಮಾಣಪತ್ರ ಇಲ್ಲದಿದ್ದರೆ, ಆ ಬೈಕೇ ಬಡಿಯಿತೆಂದು ಸಾಬೀತುಪಡಿಸುವುದು ಕಷ್ಟ. ವಿಮಾ ಕಂಪನಿಯ ವಕೀಲರು ಮೊದಲು ಕೆದಕುವುದೇ ಇದನ್ನು. ಆಸ್ಪತ್ರೆಯ ದಾಖಲೆಯಲ್ಲಿ "ಜಾರಿ ಬಿದ್ದು" ಎಂದು ಬರೆದಿದ್ದಾರೆಯೇ ಎಂಬುದನ್ನು ಇಂದೇ ನೋಡಿರಿ. 2019ರ ತಿದ್ದುಪಡಿಯು ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ವಿಧಿಸಿದೆ.

ತಾಯಿಯವರಿಗೆ ಸಂಬಳವಿಲ್ಲವೆಂಬ ಸಂಕೋಚ ಬೇಡ. ಗೃಹಿಣಿಯ ದುಡಿಮೆಗೂ ಅಂದಾಜು ಆದಾಯ ಕಟ್ಟಿಯೇ ನಷ್ಟ ಲೆಕ್ಕ ಹಾಕಬೇಕೆಂಬುದು ಸುಪ್ರೀಂ ಕೋರ್ಟಿನ ನಿಲುವು. ಅದರ ಮೇಲೆ ಚಿಕಿತ್ಸೆಯ ಖರ್ಚು, ನೋವು, ಆರೈಕೆಯವರ ಖರ್ಚು, ಶಾಶ್ವತ ಊನವಿದ್ದರೆ ಅದೂ ಸೇರುತ್ತದೆ. ಹೀಗಾಗಿ ಔಷಧಿ ಅಂಗಡಿಯ ಚೀಟಿ, ಟಂಟಂ ಬಾಡಿಗೆಯ ರಸೀದಿಯನ್ನೂ ಕಾದಿಡಿರಿ. "ಅವರೇ ಅಡ್ಡ ಬಂದರು" ಎಂಬ ವಾದ ರುಜುವಾತಾದರೂ ಮೊತ್ತ ಕಡಿಮೆಯಾದೀತು, ಹಕ್ಕು ಪೂರ್ತಿ ಹೋಗದು. ಬೈಕಿಗೆ ವಿಮೆ ಇಲ್ಲವಾದರೆ ಮಾಲೀಕನೇ ಹೊಣೆ. ಸವಾರ ಒಡ್ಡುವ ರಾಜಿ ಪತ್ರಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಿಸಬೇಡಿರಿ.